ಭಾನುವಾರ ನೋಡಿ ಮನೆ ಬದಲಿಸಬೇಡಿ: ಬೆಂಗಳೂರಿನ ಹೊರವಲಯಕ್ಕೆ ಹೋಗಬೇಕೇ ಬೇಡವೇ ಎಂದು ನಿರ್ಧರಿಸುವ ಬಗೆ

2018ರ ಜೂನ್‌ನಲ್ಲಿ ನಾವು ಹನುಮಂತನಗರದ ಬಾಡಿಗೆ ಮನೆ ಬಿಟ್ಟು ಕುಂಬಳಗೋಡಿನ ಆಚೆಯ ಒಂದು ಲೇಔಟ್‌ಗೆ ಹೋದೆವು. ಮನೆ ನೋಡಲು ಹೋದದ್ದು ಭಾನುವಾರ ಬೆಳಗ್ಗೆ. ಮೈಸೂರು ರಸ್ತೆ ಖಾಲಿ ಇತ್ತು. ಮೂವತ್ತೈದು ನಿಮಿಷಕ್ಕೆ ತಲುಪಿದೆವು. ಮನೆ ಮುಂದೆ ಜಾಗ, ಹಿಂದೆ ಎರಡು ತೆಂಗಿನ ಮರ, ಕೈಗೆಟುಕುವ ಬಾಡಿಗೆ. ಅಲ್ಲೇ ನಿಂತು ಅಡ್ವಾನ್ಸ್ ಮಾತಾಡಿ ಬಂದೆವು. ಸಾಮಾನು ಸಾಗಿಸಿದ ಮೇಲಿನ ಮೊದಲ ಸೋಮವಾರ ರಿಚ್‌ಮಂಡ್ ರಸ್ತೆಯ ನನ್ನ ಆಫೀಸು ಮುಟ್ಟಲು ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು.

ಎರಡೂವರೆ ವರ್ಷ ಅಲ್ಲಿದ್ದೆವು. 2021ರ ಆರಂಭದಲ್ಲಿ ಮತ್ತೆ ಮನೆ ಬದಲಿಸಿದೆವು. ಆಗಲೂ ಊರೊಳಗೆ ವಾಪಸ್ ಬರಲಿಲ್ಲ. ಕನಕಪುರ ರಸ್ತೆಯ ತಲಘಟ್ಟಪುರದ ಕಡೆ ಬಂದೆವು. ಇದೂ ಹೊರವಲಯವೇ. ಆದರೆ ಇಲ್ಲಿ ನೆಮ್ಮದಿಯಾಗಿದ್ದೇವೆ. ಮೊದಲ ಸಲ ನಾವು ಭಾನುವಾರದ ಊರನ್ನು ನೋಡಿ ಒಪ್ಪಿಕೊಂಡಿದ್ದೆವು. ಎರಡನೇ ಸಲ ಮಂಗಳವಾರದ ಊರನ್ನು ನೋಡಿಕೊಂಡು ಬಂದೆವು. ಈ ಬರಹ ಅದರ ಬಗ್ಗೆಯೇ.

ಹೆಜ್ಜೆ 1: ಯಾಕೆ ಹೋಗಬೇಕು ಅಂತ ಬರೆದಿಡಿ

ಮನೆಯಲ್ಲಿರುವ ಪ್ರತಿಯೊಬ್ಬರೂ ಬೇರೆ ಬೇರೆ ಕಾಗದದಲ್ಲಿ ಬರೆಯಲಿ. ಒಬ್ಬರದನ್ನು ಇನ್ನೊಬ್ಬರು ನೋಡುವುದು ಬೇಡ. ಬಾಡಿಗೆ ಉಳಿಸಬೇಕು, ಮಕ್ಕಳಿಗೆ ಆಡಲು ಜಾಗ ಬೇಕು, ಸ್ವಂತ ಮನೆ ಆಗಬೇಕು, ಧೂಳು ಗಲಾಟೆ ಸಾಕಾಗಿದೆ, ಹೀಗೆ ಏನಿದ್ದರೂ ಸರಿ. ಆಮೇಲೆ ಒಟ್ಟಿಗೆ ಕೂತು ಓದಿ.

ನಮ್ಮ ಮನೆಯಲ್ಲಿ ಎರಡನೇ ಸಲ ಹೀಗೆ ಮಾಡಿದಾಗ ನನ್ನ ಯಜಮಾನರು ಬರೆದದ್ದು 'ಸ್ವಂತ ಸೈಟು'. ಮಗಳು ಬರೆದದ್ದು 'ನನ್ನದೇ ರೂಮು'. ಸೈಟು ಕೊಂಡ ಮಾತ್ರಕ್ಕೆ ಅಲ್ಲೇ ಹೋಗಿ ಇರಬೇಕಾಗಿಲ್ಲ. ರೂಮು ಬೇಕೆಂದರೆ ನಾಲ್ಕು ಬೀದಿ ಆಚೆಯ ಹಳೆಯ ಕಟ್ಟಡದಲ್ಲೂ ಸಿಗಬಹುದು. ಎಷ್ಟೋ ಸಲ ಊರು ಬಿಡುವ ಆಸೆಯ ಹಿಂದೆ ಇರುವುದು ಈಗಿನ ಮನೆಯ ಮೇಲಿನ ಬೇಸರ. ಅದನ್ನು ಮೊದಲು ಬೇರೆ ಮಾಡಿ ನೋಡಿ.

ಹೆಜ್ಜೆ 2: ದಿನವಿಡೀ ಮನೆಯಲ್ಲಿರುವವರ ದಿನಚರಿ ಮೊದಲು

ಬಹಳ ಜನ ಆಫೀಸಿಗೆ ಎಷ್ಟು ದೂರ ಅಂತ ಮಾತ್ರ ನೋಡುತ್ತಾರೆ. ನಾವೂ ಅದನ್ನೇ ಮಾಡಿದ್ದೆವು, ಅದೂ ಸರಿಯಾಗಿ ನೋಡಿರಲಿಲ್ಲ. ಆದರೆ ಆಫೀಸಿಗೆ ಹೋಗುವವರು ಹೊಸ ಜಾಗದಲ್ಲಿ ಹಗಲು ಕಳೆಯುವುದೇ ಇಲ್ಲ. ಅಲ್ಲಿ ಬದುಕುವವರು ಹಿರಿಯರು, ಮಕ್ಕಳು, ಮನೆ ನೋಡಿಕೊಳ್ಳುವವರು.

ನಮ್ಮ ಅತ್ತೆಗೆ ಆಗ 68 ವರ್ಷ. ಹನುಮಂತನಗರದಲ್ಲಿ ಅವರ ದಿನ ಹೀಗಿತ್ತು: ಬೆಳಗ್ಗೆ ರಾಮಾಂಜನೇಯ ಗುಡ್ಡಕ್ಕೆ ನಡಿಗೆ, ಬರುವಾಗ ಹಾಲು, ಹೂವು. ಸಂಜೆ ದೇವಸ್ಥಾನದ ಜಗಲಿಯಲ್ಲಿ ಗೆಳತಿಯರು. ವಾರಕ್ಕೊಮ್ಮೆ ಗಾಂಧಿ ಬಜಾರ್. ಬಿಪಿ ನೋಡುವ ಡಾಕ್ಟರ್ ಮುಂದಿನ ಬೀದಿ. ಯಾರನ್ನೂ ಕೇಳದೆ, ಯಾರಿಗೂ ಕಾಯದೆ ಹೋಗಿ ಬರುತ್ತಿದ್ದರು. ಕುಂಬಳಗೋಡಿನ ಮನೆಯಿಂದ ಬಸ್ ನಿಲ್ದಾಣಕ್ಕೆ ಒಂದೂವರೆ ಕಿಲೋಮೀಟರ್. ಫುಟ್‌ಪಾತ್ ಇಲ್ಲ, ದಾರಿಯಲ್ಲಿ ನಾಯಿಗಳ ಹಿಂಡು. ಮೂರು ತಿಂಗಳಾದ ಮೇಲೆ ಒಂದು ದಿನ ಅವರು ನನಗೆ ಹೇಳಿದರು: "ಮನೆ ಚೆನ್ನಾಗಿದೆ ಕಣಮ್ಮ. ಹೊರಗೆ ಹೋಗಕ್ಕೇ ಜಾಗ ಇಲ್ಲ." ಸುತ್ತ ಅಷ್ಟೊಂದು ಬಯಲಿದ್ದ ಕಡೆ ಅವರು ಹೇಳಿದ ಮಾತು ಇದು. ಅದನ್ನು ನಾನು ಮರೆತಿಲ್ಲ.

ಆದ್ದರಿಂದ ಒಂದು ವಾರ ಮನೆಯವರೆಲ್ಲ ಎಲ್ಲೆಲ್ಲಿ ಹೋದರು, ಹೇಗೆ ಹೋದರು, ಎಷ್ಟು ಹೊತ್ತಾಯಿತು ಅಂತ ಬರೆದಿಡಿ. ಟ್ಯೂಷನ್, ಸಂಗೀತ ಪಾಠ, ತರಕಾರಿ, ಟೈಲರ್, ಔಷಧಿ ಅಂಗಡಿ, ಎಲ್ಲವೂ ಇರಲಿ. ಇದರಲ್ಲಿ ಎಷ್ಟು ಕೆಲಸ ಹೊಸ ಜಾಗದಲ್ಲಿ ನಡೆದುಕೊಂಡೇ ಆಗುತ್ತದೆ ಅಂತ ಪಕ್ಕದಲ್ಲಿ ಗುರುತು ಹಾಕಿ. ಸ್ಕೂಟರ್ ಓಡಿಸದ ಒಬ್ಬರು ಮನೆಯಲ್ಲಿದ್ದರೆ ಅವರ ಪಟ್ಟಿಗೆ ಹೆಚ್ಚು ತೂಕ ಕೊಡಿ.

ಹೆಜ್ಜೆ 3: ಮಂಗಳವಾರದ ಪ್ರಯಾಣ

ಸೋಮವಾರ ಮತ್ತು ಶುಕ್ರವಾರ ಬೇಡ. ಆ ಎರಡು ದಿನ ಊರಿಗೆ ಹೋಗಿ ಬರುವವರ ಗದ್ದಲ ಸೇರಿಕೊಂಡು ಲೆಕ್ಕ ತಪ್ಪುತ್ತದೆ. ಮಂಗಳವಾರ ಅಥವಾ ಬುಧವಾರ ರಜೆ ಹಾಕಿ. ಬೆಳಗ್ಗೆ ಎಂಟು ಗಂಟೆಗೆ ಹೊಸ ಮನೆಯ ಬಾಗಿಲಲ್ಲಿ ನಿಂತು ಅಲ್ಲಿಂದ ಆಫೀಸಿಗೆ ಹೊರಡಿ. ಸಂಜೆ ಆಫೀಸ್ ಬಿಡುವ ಹೊತ್ತಿಗೆ ವಾಪಸ್ ಅಲ್ಲಿಗೇ ಹೋಗಿ. ಮುಂದೆ ದಿನಾ ಬಸ್ಸಿನಲ್ಲಿ ಹೋಗುವ ಯೋಚನೆ ಇದ್ದರೆ ಅವತ್ತೂ ಬಸ್ಸಿನಲ್ಲೇ ಹೋಗಿ. ಇನ್ನೊಂದು ದಿನ ಮಳೆ ಬಂದ ಸಂಜೆ ಹೀಗೇ ಮಾಡಿ. ಮಳೆ ದಿನದ ಪ್ರಯಾಣ ನೋಡದೆ ಬೆಂಗಳೂರಿನಲ್ಲಿ ಮನೆ ಗೊತ್ತು ಮಾಡಬಾರದು.

ಒಂದು ಕಡೆಗೆ 45 ನಿಮಿಷ ಜಾಸ್ತಿ ಆದರೆ ದಿನಕ್ಕೆ ಒಂದೂವರೆ ಗಂಟೆ. ತಿಂಗಳಿಗೆ 22 ದಿನ ಅಂದರೆ 33 ಗಂಟೆ. ಈ 33 ಎಂಬ ಅಂಕಿಯನ್ನು ನೆನಪಿಡಿ, ಹಣದ ಲೆಕ್ಕದಲ್ಲಿ ಮತ್ತೆ ಬರುತ್ತದೆ.

ಮೆಟ್ರೋ ಇದ್ದರೆ ಚಿತ್ರವೇ ಬದಲಾಗುತ್ತದೆ. ಹಸಿರು ಮಾರ್ಗ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆ ನಿಲ್ದಾಣದವರೆಗೆ ಬಂದದ್ದು 2021ರ ಜನವರಿಯಲ್ಲಿ. ನಾವು ತಲಘಟ್ಟಪುರ ಆರಿಸಿಕೊಂಡದ್ದಕ್ಕೆ ಅದೇ ಕಾರಣ. ಅತ್ತ ಅದೇ ಮಾರ್ಗ 2024ರ ನವೆಂಬರ್‌ನಲ್ಲಿ ಮಾದಾವರ ಮುಟ್ಟಿತು. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಈ ನಿಲ್ದಾಣಗಳಿಗೆ ಹದಿನೈದು ನಿಮಿಷದಲ್ಲಿ ನಡೆದು ಹೋಗಬಹುದಾದ ಮನೆ ಸಿಕ್ಕರೆ, ಹತ್ತು ಕಿಲೋಮೀಟರ್ ಹತ್ತಿರದಲ್ಲಿದ್ದೂ ಮೆಟ್ರೋ ಇಲ್ಲದ ಮನೆಗಿಂತ ಅದೇ ಒಳ್ಳೆಯದು ಎಂಬುದು ನನ್ನ ಅನುಭವ. ಆದರೆ ಟಿಕೆಟ್ ದರವನ್ನೂ ಲೆಕ್ಕಕ್ಕೆ ತಗೊಳ್ಳಿ. 2025ರ ಫೆಬ್ರವರಿಯಲ್ಲಿ ದರ ಏರಿದಾಗ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯಿತು. ದೂರದ ನಿಲ್ದಾಣದವರಿಗೇ ಅದರ ಬಿಸಿ ಜಾಸ್ತಿ. ಮನೆಯ ಹೆಣ್ಣುಮಕ್ಕಳು ಬಿಎಂಟಿಸಿ ಸಾಮಾನ್ಯ ಬಸ್ಸಿನಲ್ಲಿ ಹೋಗುವುದಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ಇಲ್ಲ. ಬಸ್ ಎಷ್ಟು ಹೊತ್ತಿಗೊಂದು ಬರುತ್ತದೆ ಅಂತ ನಿಲ್ದಾಣದಲ್ಲಿ ನಿಂತೇ ನೋಡಿ.

ಇನ್ನೂ ಬಾರದ ರಸ್ತೆ, ಇನ್ನೂ ಓಡದ ರೈಲು ನಿಮ್ಮ ಲೆಕ್ಕದಲ್ಲಿ ಇರಬಾರದು. ಬ್ರೋಕರ್ ಕೈಯಲ್ಲಿರುವ ನಕ್ಷೆಯಲ್ಲಿ ಎಲ್ಲವೂ ಐದು ನಿಮಿಷದ ದೂರ. ಊರಿನ ಸುತ್ತ ಬರಬೇಕಿದ್ದ ಪೆರಿಫೆರಲ್ ರಿಂಗ್ ರೋಡ್‌ಗೆ ಪ್ರಾಥಮಿಕ ಅಧಿಸೂಚನೆ ಹೊರಟದ್ದು 2005ರಲ್ಲಿ. ಎರಡು ದಶಕ ಕಳೆಯಿತು, ಹೆಸರು ಬದಲಾಯಿತು, ರಸ್ತೆ ಬರಲಿಲ್ಲ. ಆ ಹೆಸರಿನಲ್ಲಿ ಸೈಟು ಕೊಂಡವರು ಎಷ್ಟು ಜನರೋ. 148 ಕಿಲೋಮೀಟರಿನ ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ಅದು ಬಂದರೆ ಹೊರವಲಯದವರಿಗೆ ದೊಡ್ಡ ಉಪಕಾರ. ಬಂದಾಗ ಸಂತೋಷ ಪಡೋಣ. ಬಾಡಿಗೆ ಕರಾರಿಗೆ ಸಹಿ ಮಾತ್ರ ಇವತ್ತು ಓಡುತ್ತಿರುವುದನ್ನು ನೋಡಿ ಹಾಕಿ.

ಟೋಲ್ ದಾಟಿ ಆಚೆ ಹೋಗುವವರು ಇನ್ನೊಂದು ಲೆಕ್ಕ ಹಾಕಬೇಕು. ರಾಷ್ಟ್ರೀಯ ಹೆದ್ದಾರಿಯ ಟೋಲ್‌ನಿಂದ 20 ಕಿಲೋಮೀಟರ್ ಒಳಗಿರುವ ಸ್ಥಳೀಯರಿಗೆ ಸ್ವಂತ ಕಾರಿಗೆ ತಿಂಗಳ ಪಾಸ್ ಸಿಗುತ್ತದೆ. 2025ರ ಆಗಸ್ಟ್‌ನಲ್ಲಿ 3,000 ರೂಪಾಯಿಗೆ ಶುರುವಾದ, 200 ಸಲ ದಾಟುವ ವಾರ್ಷಿಕ ಫಾಸ್ಟ್ಯಾಗ್ ಪಾಸ್ ಕೂಡ ಇದೆ. ಖಾಸಗಿ ಕಂಪನಿಯ ನೈಸ್ ರಸ್ತೆಗೆ ಅದು ನಡೆಯುವುದಿಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕು, ಆಟೋ ಬಿಡುವುದಿಲ್ಲ. ಬಿಡದಿ ಕಡೆ ಮನೆ ನೋಡುವ ಬೈಕಿನವರು ಸರ್ವಿಸ್ ರಸ್ತೆಯಲ್ಲೇ ಒಮ್ಮೆ ಹೋಗಿ ಬನ್ನಿ.

ಹೆಜ್ಜೆ 4: ನೀರು

ಇದಕ್ಕೆ ಒಂದು ಪೂರ್ತಿ ದಿನ ಮೀಸಲಿಡಿ. ಹೊರವಲಯದಲ್ಲಿ ಸಂಸಾರಗಳು ಬೇಸತ್ತು ವಾಪಸ್ ಬರುವುದಕ್ಕೆ ನಾನು ನೋಡಿದ ಮೊದಲ ಕಾರಣ ನೀರು.

2007ರಲ್ಲಿ ಬಿಬಿಎಂಪಿ ಆದಾಗ 110 ಹಳ್ಳಿಗಳನ್ನು ಊರಿಗೆ ಸೇರಿಸಿದರು. ಅವುಗಳಿಗೆಂದೇ ಮಾಡಿದ ಕಾವೇರಿ ಐದನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್ 16ರಂದು, ದಿನಕ್ಕೆ 77.5 ಕೋಟಿ ಲೀಟರ್ ತರುವ ಯೋಜನೆ. ನಡುವೆ ಹದಿನೇಳು ವರ್ಷ. ಹಾಗಾಗಿ 'ಪೈಪ್ ಹಾಕಿದ್ದಾರೆ' ಎಂದರೆ ನಲ್ಲಿಯಲ್ಲಿ ನೀರು ಬರುತ್ತಿದೆ ಎಂದು ಅರ್ಥ ಮಾಡಿಕೊಳ್ಳಬೇಡಿ. ವಾರದಲ್ಲಿ ಎಷ್ಟು ದಿನ, ಎಷ್ಟು ಹೊತ್ತು ಬರುತ್ತದೆ ಅಂತ ಪಕ್ಕದ ಮನೆಯಲ್ಲಿ ಕೇಳಿ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಹೆಚ್ಚಿನ ಲೇಔಟ್‌ಗಳಲ್ಲಿ ಬೋರ್‌ವೆಲ್ ಮತ್ತು ಟ್ಯಾಂಕರ್ ಎರಡೇ ದಿಕ್ಕು.

ಕೇಳುವಾಗ 'ನೀರು ಹೇಗಿದೆ?' ಅಂತ ಕೇಳಬೇಡಿ. ಎಲ್ಲರೂ 'ಪರವಾಗಿಲ್ಲ' ಅಂತಾರೆ. 'ಹೋದ ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ತರಿಸಿದ್ರಿ, ಒಂದಕ್ಕೆ ಎಷ್ಟು ಕೊಟ್ರಿ?' ಅಂತ ಕೇಳಿ. ಮನೆ ಓನರ್ ಹತ್ತಿರ ಕೇಳಿದ್ದು ಸಾಲದು. ಬಾಡಿಗೆಗೆ ಇರುವ ಎರಡು ಮನೆಯವರನ್ನೂ, ಮೂಲೆಯ ಅಂಗಡಿಯವರನ್ನೂ ಕೇಳಿ. 2024ರ ಮಾರ್ಚ್‌ನಲ್ಲಿ ಬೋರ್‌ಗಳು ಬತ್ತಿ ಟ್ಯಾಂಕರ್ ಬೆಲೆ ಕೈಮೀರಿದಾಗ ಸರ್ಕಾರವೇ ದರ ಗೊತ್ತು ಮಾಡಬೇಕಾಯಿತು. 12,000 ಲೀಟರಿಗೆ ಐದು ಕಿಲೋಮೀಟರ್ ಒಳಗಾದರೆ 1,000 ರೂಪಾಯಿ, ಹತ್ತು ಕಿಲೋಮೀಟರ್ ಒಳಗಾದರೆ 1,200. ಆ ಬೇಸಿಗೆಯಲ್ಲಿ ಈ ಬೀದಿ ಹೇಗಿತ್ತು ಅಂತ ವಿಚಾರಿಸಿದರೆ ಬೇಕಾದ ಉತ್ತರ ಸಿಗುತ್ತದೆ.

ಎಷ್ಟು ನೀರು ಬೇಕು? ನಗರಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಎಂಬ ಅಳತೆ ಇದೆ. ನಾಲ್ಕು ಜನಕ್ಕೆ 540 ಲೀಟರ್, ತಿಂಗಳಿಗೆ 16,000ದಷ್ಟು. ಬೋರ್ ಪೂರ್ತಿ ಕೈಕೊಟ್ಟರೆ ದೊಡ್ಡ ಟ್ಯಾಂಕರ್ ಒಂದೂವರೆ ಲೋಡು. ಸಂಪಿನಲ್ಲಿ ಎಷ್ಟು ಹಿಡಿಯುತ್ತದೆ ಅಂತ ನೋಡಿ. 5,000 ಲೀಟರಿನ ಸಂಪು ಇದ್ದರೆ ದೊಡ್ಡ ಲೋಡು ತರಿಸಲು ಆಗುವುದಿಲ್ಲ. ರಸ್ತೆ ಇಕ್ಕಟ್ಟಾಗಿದ್ದರೆ ದೊಡ್ಡ ಗಾಡಿ ಒಳಗೇ ಬರುವುದಿಲ್ಲ. ಎರಡರಲ್ಲೂ ಸಣ್ಣ ಗಾಡಿಯ ದುಬಾರಿ ನೀರೇ ಗತಿ.

ಬೋರ್ ನೀರಿನ ಗಡಸನ್ನೂ ನೋಡಿ. ಬಾತ್‌ರೂಮಿನ ನಲ್ಲಿ ಸುತ್ತ, ಬಕೆಟ್ ಅಂಚಿನಲ್ಲಿ ಬಿಳಿ ಪದರ ಕಟ್ಟಿದೆಯೇ? ಸೋಪು ನೊರೆ ಬರುತ್ತದೆಯೇ? ಒಂದು ಬಾಟಲಿ ತುಂಬಿಸಿಕೊಂಡು ಲ್ಯಾಬ್‌ಗೆ ಕೊಡಿ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಕರಗಿದ ಲವಣ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಗೀಸರ್, ವಾಷಿಂಗ್ ಮೆಷಿನ್ ಬೇಗ ಕೆಡುತ್ತವೆ. ಸಾಫ್ಟ್‌ನರ್ ಖರ್ಚು ಯಾರದ್ದು ಅಂತ ಮೊದಲೇ ಮಾತಾಡಿ.

ಮಳೆ ನೀರು ಹಿಡಿಯುವ ಏರ್ಪಾಡು ಇದ್ದರೆ ಆ ಮನೆಗೆ ನಾನು ಹೆಚ್ಚು ಅಂಕ ಕೊಡುತ್ತೇನೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 1,200 ಚದರ ಅಡಿಯ ತಾರಸಿಯ ಮೇಲೆ ಬೀಳುವುದು ಲಕ್ಷ ಲೀಟರಿಗೂ ಮೇಲೆ. ಅದರಲ್ಲಿ ಮುಕ್ಕಾಲು ಪಾಲು ಸಿಕ್ಕರೂ ನಾಲ್ಕು ಜನರ ಸುಮಾರು ಐದು ತಿಂಗಳಿನ ನೀರು.

ಬಂದ ನೀರು ಹೋಗುವುದು ಎಲ್ಲಿಗೆ? ಒಳಚರಂಡಿ ಇಲ್ಲದ ಕಡೆ ಪಿಟ್ ಇರುತ್ತದೆ. ಅದು ಬೋರ್‌ಗೆ ಎಷ್ಟು ದೂರ, ಎಷ್ಟು ತಿಂಗಳಿಗೊಮ್ಮೆ ತುಂಬುತ್ತದೆ, ಖಾಲಿ ಮಾಡಿಸುವ ಖರ್ಚು ಯಾರದು ಅಂತ ಕೇಳಿ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆಯೇ ಅಂತ ಕಾಂಪೌಂಡ್ ಗೋಡೆಗಳ ಮೇಲಿನ ಕಲೆ ನೋಡಿದರೆ ಗೊತ್ತಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರು ಕಡೆ ಕೋಟಿ ಬೆಲೆಯ ಮನೆಗಳವರನ್ನೂ ಟ್ರ್ಯಾಕ್ಟರ್‌ನಲ್ಲಿ, ದೋಣಿಯಲ್ಲಿ ಹೊರಗೆ ತಂದರು. ಕೆರೆಯಿಂದ ಕೆರೆಗೆ ನೀರು ಹೋಗುವ ದಾರಿಯಲ್ಲಿ ಮನೆ ಕಟ್ಟಿದರೆ ನೀರು ತನ್ನ ಹಳೇ ದಾರಿ ಹುಡುಕಿಕೊಂಡು ಬರುತ್ತದೆ.

ಹೆಜ್ಜೆ 5: ಶಾಲೆ, ಆಸ್ಪತ್ರೆ, ಕರೆಂಟು

ಶಾಲೆ ಬದಲಿಸುವುದಾದರೆ ಸೀಟು ಖಚಿತ ಆದ ಮೇಲೆ ಮನೆಯ ಮಾತು. ಹಳೇ ಶಾಲೆಯೇ ಇರಲಿ ಎಂದರೆ ಮಗು ಬೆಳಗ್ಗೆ ಎಷ್ಟು ಹೊತ್ತಿಗೆ ವ್ಯಾನ್ ಹತ್ತಬೇಕು ಅಂತ ಕೇಳಿಕೊಳ್ಳಿ. ರಾತ್ರಿ ಎರಡು ಗಂಟೆಗೂ ತುರ್ತು ಚಿಕಿತ್ಸೆ ಕೊಡುವ ಆಸ್ಪತ್ರೆ ಎಷ್ಟು ದೂರ ಎಂದು ಹೋಗಿ ನೋಡಿ. ಬೋರ್ಡಿನಲ್ಲಿ 24 ಗಂಟೆ ಎಂದು ಬರೆದಿರುತ್ತದೆ, ಡ್ಯೂಟಿ ಡಾಕ್ಟರ್ ಇರುತ್ತಾರೆಯೇ ಅಂತ ವಿಚಾರಿಸಿ. ಮನೆಯಿಂದ ಕೆಲಸ ಮಾಡುವವರು ಕರೆಂಟು, ಇಂಟರ್‌ನೆಟ್ ಎರಡನ್ನೂ ಅಕ್ಕಪಕ್ಕದವರಲ್ಲಿ ಕೇಳಲೇಬೇಕು. ಖಾಲಿ ಸೈಟುಗಳ ನಡುವಿನ ಮನೆಯಾದರೆ ಹಾವು ಬರುವುದು ಸಹಜ. ಹಾವು ಹಿಡಿಯುವವರ ನಂಬರ್ ಇಟ್ಟುಕೊಳ್ಳಿ, ಹೊಡೆಯಬೇಡಿ.

ಹೆಜ್ಜೆ 6: ಹಣದ ಲೆಕ್ಕ

ಒಂದು ಉದಾಹರಣೆ ಹಾಕೋಣ. ಅಂಕಿಗಳು ನನ್ನವು, ನಿಮ್ಮದನ್ನು ತುಂಬಿಕೊಳ್ಳಿ. ಊರೊಳಗೆ ಬಾಡಿಗೆ 30,000, ಹೊರಗೆ 18,000. ಉಳಿತಾಯ 12,000. ಈಗ ಕಳೆಯಿರಿ. ದಿನಕ್ಕೆ 30 ಕಿಲೋಮೀಟರ್ ಜಾಸ್ತಿ ಓಡುವ ಕಾರಿಗೆ ತಿಂಗಳಿಗೆ 4,800 ರೂಪಾಯಿ ಪೆಟ್ರೋಲ್. ಶಾಲಾ ವ್ಯಾನ್ 2,500. ನೀರಿಗೆ ವರ್ಷದ ಸರಾಸರಿ 1,500. ಮೊದಲು ನಡೆದು ಮಾಡುತ್ತಿದ್ದ ಕೆಲಸಗಳಿಗೆ ಈಗ ಆಟೋ 1,000. ಉಳಿದದ್ದು 2,200.

ಇದನ್ನು ಆ 33 ಗಂಟೆಯಿಂದ ಭಾಗಿಸಿ. ಗಂಟೆಗೆ 67 ರೂಪಾಯಿ ಆಗುತ್ತದೆ. ಮಗುವಿನ ಜೊತೆ ಕೂರುವ ಒಂದು ಗಂಟೆಯನ್ನು 67 ರೂಪಾಯಿಗೆ ಕೊಟ್ಟ ಹಾಗೆ. ಕಾರು ಬಿಟ್ಟು ಮೆಟ್ರೋ ಹಿಡಿದರೆ ಇದೇ ಲೆಕ್ಕ ಬೇರೆಯಾಗುತ್ತದೆ. ವಾರಕ್ಕೆ ಎರಡೇ ದಿನ ಆಫೀಸ್ ಇರುವವರಿಗೆ ಇನ್ನೂ ಬೇರೆ. ಅಡ್ವಾನ್ಸ್ ಕೂಡ ಮರೆಯಬೇಡಿ. ಹತ್ತು ತಿಂಗಳ ಲೆಕ್ಕ ಕೇಳುವ ಓನರ್ ಆದರೆ ಮೂರು ಲಕ್ಷದ ಬದಲು 1.8 ಲಕ್ಷ ಸಾಕು. ಬಾಕಿ ಹಣ ಬ್ಯಾಂಕಿನಲ್ಲಿ ಇರುತ್ತದೆ.

ಹೆಜ್ಜೆ 7: ಕೊಳ್ಳುವ ಮೊದಲು ಬಾಡಿಗೆಗೆ ಇದ್ದು ನೋಡಿ

ಕೊಳ್ಳಬೇಕು ಎಂದಿರುವ ಬಡಾವಣೆಯಲ್ಲೇ ಹನ್ನೊಂದು ತಿಂಗಳ ಕರಾರು ಮಾಡಿ ಬಾಡಿಗೆಗೆ ಇರಿ. ಅದರಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಬರಲೇಬೇಕು. 'ಅಷ್ಟರಲ್ಲಿ ರೇಟ್ ಏರುತ್ತೆ' ಎಂದು ಬ್ರೋಕರ್ ಹೆದರಿಸುತ್ತಾರೆ. ಏರಲಿ. ತಪ್ಪು ಜಾಗದಲ್ಲಿ ಮನೆ ಕೊಂಡು ಮಾರುವ ನಷ್ಟ ಅದಕ್ಕಿಂತ ದೊಡ್ಡದು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1ರಿಂದ 2 ಪರ್ಸೆಂಟ್ ಆಗಿದೆ. ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ 45 ಲಕ್ಷದ ಮೇಲಿನ ಆಸ್ತಿಗೆ ಸುಮಾರು 7.6 ಪರ್ಸೆಂಟ್. 60 ಲಕ್ಷದ ಮನೆಗೆ ನಾಲ್ಕೂವರೆ ಲಕ್ಷ. ಮಾರುವಾಗ ಅದು ವಾಪಸ್ ಬರುವುದಿಲ್ಲ.

ವರ್ಷ ಕಳೆದು ಕೊಳ್ಳುವ ಮನಸ್ಸು ಗಟ್ಟಿಯಾದರೆ ಕಾಗದ ನೋಡಿಸಿ. ಅಡ್ವಾನ್ಸ್ ಕೊಡುವ ಮೊದಲೇ ವಕೀಲರಿಗೆ ತೋರಿಸಬೇಕು. ನೀವೇ ಮಾಡಬಹುದಾದದ್ದೂ ಇದೆ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಲ್ಲಿ. ಸರ್ವೆ ನಂಬರ್ ತೋರಿಸುತ್ತದೆ. ಸರ್ಕಾರಿ ಜಾಗ, ಕೆರೆ, ರಾಜಕಾಲುವೆ ಹತ್ತಿರ ಇದ್ದರೆ ಅದೂ ಕಾಣುತ್ತದೆ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರಕ್ಕೆ (ಇ.ಸಿ.) ಅರ್ಜಿ ಹಾಕಿ, 30 ವರ್ಷದ್ದು ಇರಲಿ. ಕೃಷಿ ಜಮೀನು ವಸತಿಗೆ ಪರಿವರ್ತನೆ ಆಗಿದೆಯೇ, ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ ಇದೆಯೇ ಅಂತ ನೋಡಿ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತುವಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. ಕ್ರಮಬದ್ಧವಲ್ಲದ ಆಸ್ತಿಗೆ ಕೊಡುವ 11ಬಿ ಮಾತ್ರ ತೋರಿಸಿದರೆ ಅಲ್ಲೇ ನಿಲ್ಲಿಸಿ, ವಕೀಲರನ್ನು ಕೇಳಿ. ಆ ಜಮೀನು ಪರಿಶಿಷ್ಟರಿಗೆ ಮಂಜೂರಾಗಿತ್ತೇ ಎಂಬುದನ್ನೂ ಪತ್ತೆ ಮಾಡಿಸಿ. 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಅನುಮತಿ ಇಲ್ಲದೆ ಕೈ ಬದಲಾಗಿದ್ದರೆ ಆ ಮಾರಾಟ ನಿಲ್ಲುವುದಿಲ್ಲ. ಜಮೀನು ಮೂಲದವರಿಗೆ ವಾಪಸ್ ಹೋಗಬೇಕಾದದ್ದು.

ಅಪಾರ್ಟ್‌ಮೆಂಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ನೋಡಿ. ಎಂಟಕ್ಕಿಂತ ಹೆಚ್ಚು ಮನೆ ಇದ್ದರೆ ನೋಂದಣಿ ಕಡ್ಡಾಯ. ಕಟ್ಟಿ ಮುಗಿದ ಕಟ್ಟಡವಾದರೆ ಓಸಿ, ಅಂದರೆ ವಾಸಕ್ಕೆ ಒಪ್ಪಿಗೆ ಕೊಡುವ ಸ್ವಾಧೀನಾನುಭವ ಪತ್ರ, ಕೇಳಿ. ಓಸಿ ಇಲ್ಲದ ಕಟ್ಟಡಕ್ಕೆ ನೀರು, ಕರೆಂಟ್ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಈ ಕಾಗದದ ಬೆಲೆ ಇನ್ನೂ ಹೆಚ್ಚಿದೆ.

ಹೆಜ್ಜೆ 8: ಕೂತು ತೀರ್ಮಾನಿಸುವುದು

ಎಲ್ಲರ ಕಾಗದ, ವಾರದ ಪಟ್ಟಿ, ಪ್ರಯಾಣದ ಸಮಯ, ಹಣದ ಲೆಕ್ಕ ಮುಂದಿಟ್ಟುಕೊಂಡು ಕೂರಿ. ನಮ್ಮ ಮನೆಯಲ್ಲಿ ಒಂದು ನಿಯಮ ಮಾಡಿಕೊಂಡೆವು: ಯಾರೇ ಒಬ್ಬರು 'ಇದು ನನ್ನಿಂದ ಆಗಲ್ಲ' ಎಂದು ಕಾರಣ ಸಮೇತ ಹೇಳಿದರೆ ಆ ಮನೆ ಬೇಡ. ಹೀಗೆ ಎರಡು ಮನೆ ಕೈಬಿಟ್ಟೆವು. ತಲಘಟ್ಟಪುರದ ಮನೆಗೆ ಒಪ್ಪುವ ಮೊದಲು ಒಂದು ಮಂಗಳವಾರ ಸಂಜೆ ಅತ್ತೆಯನ್ನು ಕರೆದುಕೊಂಡು ಹೋದೆ. ಅವರು ನನ್ನ ಕೈ ಹಿಡಿಯದೆ ಮೂಲೆಯವರೆಗೆ ನಡೆದರು. ಹೂವಿನವಳ ಹತ್ತಿರ ಎರಡು ಮೊಳ ಮಲ್ಲಿಗೆ ಕೊಂಡು, "ದಿನಾ ಇಲ್ಲೇ ಕೂರ್ತೀಯೇನಮ್ಮ?" ಎಂದು ಕೇಳಿದರು. ಮಾರನೇ ದಿನ ಅಡ್ವಾನ್ಸ್ ಕೊಟ್ಟೆವು.

ಹಳೇ ಮನೆಗೆ ನೋಟಿಸ್ ಕೊಡುವುದು ಇದೆಲ್ಲ ಆದ ಮೇಲೆ. ಅಡ್ವಾನ್ಸಿನಲ್ಲಿ ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅಂತ ಕರಾರು ತೆಗೆದು ಓದಿ. ಗೃಹಜ್ಯೋತಿಯನ್ನು ಹಳೇ ಮನೆಯ ಆರ್.ಆರ್. ನಂಬರಿನಿಂದ ಬಿಡಿಸಿ ಹೊಸದಕ್ಕೆ ಜೋಡಿಸಿ. ಗ್ಯಾಸ್ ಏಜೆನ್ಸಿ ಬದಲಿಸಿ. ಮತದಾರರ ಪಟ್ಟಿಗೆ ನಮೂನೆ 8 ತುಂಬಿ. ಹೊಸ ಮನೆಗೆ ಸಾಮಾನು ಬರುವ ಮೊದಲೇ ಸಂಪು ತೊಳೆಸಿಬಿಡಿ, ಆಮೇಲೆ ನೀರು ತುಂಬಿಕೊಂಡರೆ ಆ ಕೆಲಸ ಮುಂದಕ್ಕೆ ಹೋಗುತ್ತಲೇ ಇರುತ್ತದೆ.